ಧರ್ಮಕೇಂದ್ರದ ಲೆಕ್ಕಪತ್ರ ಜನರ ಮುಂದೆ ಬರಲಿ

ಮಾನ್ಯ ಸಂಪಾದಕರೇ,

ಕಥೋಲಿಕ ಧರ್ಮಕೇಂದ್ರಗಳಲ್ಲಿ (ಪ್ಯಾರಿಷ್‌ಗಳಲ್ಲಿ) ಯಾರಾದರೂ ಕಾಣಿಕೆಯ ಹಣದ ಲೆಕ್ಕ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ. ದೇವರಿಗೆಂದು ಕೊಟ್ಟ ಮೇಲೆ ಅದರ ಲೆಕ್ಕ ಕೇಳಬಾರದು ಎಂಬುದು ಒಂದು. ಗುರುಗಳ (ಪಾದ್ರಿಗಳ) ಮೇಲೆ ನಿಮಗೆ ನಂಬಿಕೆ ಇಲ್ಲವೇ ಎಂಬ ಮರುಪ್ರಶ್ನೆ ಇನ್ನೊಂದು. ಎರಡೂ ಭಕ್ತಿಯಿಂದ ಹೊರಟ ಮಾತುಗಳಂತೆ ಕೇಳಿಸುವುದರಿಂದ ಪ್ರಶ್ನೆ ಎತ್ತಿದವರು ತಾವೇ ತಪ್ಪು ಮಾಡಿದೆವೇನೋ ಎಂಬಂತೆ ಸುಮ್ಮನಾಗುತ್ತಾರೆ. ಆದರೆ ಈ ಎರಡು ಉತ್ತರಗಳೂ ಧರ್ಮಸಭೆಯ (ಚರ್ಚಿನ) ಸ್ವಂತ ಕಾನೂನಿಗೆ ಹೊಂದುವುದಿಲ್ಲ, ಆ ಕಾನೂನಿಗಿಂತ ಬಹು ಹಳೆಯದಾದ ಅದರ ಪರಂಪರೆಗಂತೂ ಹೊಂದುವುದೇ ಇಲ್ಲ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಗಮನಕ್ಕೆ ತರಬಯಸುತ್ತೇನೆ.

ಮೊದಲಿಗೆ ಧರ್ಮಕೇಂದ್ರ ಎಂದರೆ ಏನು ಎಂಬುದು ಸ್ಪಷ್ಟವಾಗಬೇಕು. 1917ರ ಧರ್ಮಸಭಾ ಕಾನೂನು ಸಂಹಿತೆ ಅದನ್ನು ಮುಖ್ಯವಾಗಿ ಧರ್ಮಪ್ರಾಂತ್ಯದ (ಒಬ್ಬ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಆಡಳಿತ ವ್ಯಾಪ್ತಿಯ) ಒಂದು ಭೂಭಾಗವೆಂದು, ತನ್ನದೇ ದೇವಾಲಯ, ಜನ ಮತ್ತು ಗುರುವನ್ನು ಹೊಂದಿದ ಒಂದು ವಿಭಾಗವೆಂದು ಕಂಡಿತ್ತು. ಧರ್ಮಾಧ್ಯಕ್ಷರ ಜಾಗತಿಕ ಸಭೆಯಾದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1983ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹೊರಡಿಸಿದ ಹೊಸ ಸಂಹಿತೆಯ 515ನೇ ನಿಯಮವು ಧರ್ಮಕೇಂದ್ರವನ್ನು ಮೊಟ್ಟಮೊದಲು ವಿಶ್ವಾಸಿಗಳ ಒಂದು ಸಮುದಾಯವೆಂದು ಕರೆಯುತ್ತದೆ. ಆ ಸಮುದಾಯದ ಪಾಲನೆಯನ್ನು ಧರ್ಮಾಧ್ಯಕ್ಷರ ಅಧೀನದಲ್ಲಿ ವಿಚಾರಣಾ ಗುರುಗಳಿಗೆ (ಆ ಧರ್ಮಕೇಂದ್ರದ ಹೊಣೆ ಹೊತ್ತ ಪಾದ್ರಿಗೆ) ಒಪ್ಪಿಸಲಾಗಿದೆ ಎನ್ನುತ್ತದೆ. ಅದೇ ನಿಯಮ ಧರ್ಮಕೇಂದ್ರಕ್ಕೆ ಧರ್ಮಸಭೆಯ ಕಾನೂನಿನಲ್ಲಿ ಸ್ವತಂತ್ರ ವ್ಯಕ್ತಿತ್ವವನ್ನೂ ಕೊಟ್ಟಿದೆ. ಹೀಗಾಗಿ ಧರ್ಮಕೇಂದ್ರ ನ್ಯಾಯವಾಗಿ ಗಳಿಸಿದ ಆಸ್ತಿಯು ಗುರುಗಳ ಸ್ವತ್ತೂ ಅಲ್ಲ, ಧರ್ಮಾಧ್ಯಕ್ಷರ ಸ್ವತ್ತೂ ಅಲ್ಲ. ಹಾಗೆಂದು ನಾಲ್ಕು ಹಳೆಯ ಮನೆತನಗಳ ಸ್ವತ್ತೂ ಅಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅಜ್ಜನ ಕಾಲದಲ್ಲಿ ಕೊಟ್ಟ ಗಂಟೆಯ ನೆಪದಲ್ಲಿ ಇಡೀ ದೇವಾಲಯದ ಮೇಲೆ ಹಕ್ಕು ಚಲಾಯಿಸುವವರಿಗೂ ಕೊರತೆಯಿಲ್ಲ. ಆಸ್ತಿ ಧರ್ಮಕೇಂದ್ರದ್ದು, ಅದನ್ನು ನೋಡಿಕೊಳ್ಳುವವರೆಲ್ಲ, ಗುರುಗಳನ್ನೂ ಸೇರಿಸಿ, ಪಾರುಪತ್ಯಗಾರರು ಮಾತ್ರ.

ಪಾರುಪತ್ಯ ಎಂದ ಮೇಲೆ ಲೆಕ್ಕ ಒಪ್ಪಿಸುವುದು ಅದರ ಜೊತೆಗೇ ಬರುತ್ತದೆ. ಸಂಹಿತೆಯ 1284ನೇ ನಿಯಮವು ಆಡಳಿತ ನೋಡುವವರು ಒಬ್ಬ ಒಳ್ಳೆಯ ಮನೆಯೊಡೆಯನ ಶ್ರದ್ಧೆಯಿಂದ ಕೆಲಸ ಮಾಡಬೇಕೆಂದು ವಿಧಿಸಿ, ಆದಾಯ ವೆಚ್ಚಗಳ ಪುಸ್ತಕವನ್ನು ಕ್ರಮವಾಗಿ ಇಡಬೇಕು, ವರ್ಷದ ಕೊನೆಗೆ ಆಡಳಿತದ ವರದಿ ಸಿದ್ಧಪಡಿಸಬೇಕು ಎನ್ನುತ್ತದೆ. ಪ್ರತಿಯೊಂದು ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು ಎನ್ನುವುದು 537ನೇ ನಿಯಮ. ಧಾರ್ಮಿಕ ಸೇವಾಕಾರ್ಯಗಳ ಬಗ್ಗೆ ಸಲಹೆ ನೀಡುವ ಪಾಲನಾ ಸಮಿತಿಯ ವಿಷಯದಲ್ಲಿ ಧರ್ಮಾಧ್ಯಕ್ಷರ ವಿವೇಚನೆಗೆ ಅವಕಾಶ ಬಿಟ್ಟಿರುವ ಕಾನೂನು ಹಣಕಾಸು ಸಮಿತಿಯ ವಿಷಯದಲ್ಲಿ ಅಂಥ ಅವಕಾಶವನ್ನೇ ಕೊಟ್ಟಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಎಲ್ಲಕ್ಕಿಂತ ಮುಖ್ಯವಾದುದು 1287ನೇ ನಿಯಮದ ಎರಡನೇ ಭಾಗ: ವಿಶ್ವಾಸಿಗಳು ಧರ್ಮಸಭೆಗೆ ಅರ್ಪಿಸಿದ್ದರ ಲೆಕ್ಕವನ್ನು ಆಡಳಿತಗಾರರು ವಿಶ್ವಾಸಿಗಳಿಗೇ ಒಪ್ಪಿಸಬೇಕು. ಧರ್ಮಪ್ರಾಂತ್ಯದ ಕಚೇರಿಗೆ ವರದಿ ಕಳುಹಿಸಿದ್ದೇವೆ ಎಂದರೆ ಈ ನಿಯಮ ಪಾಲನೆಯಾಗುವುದಿಲ್ಲ. ಮೇಲಕ್ಕೆ ಕಳುಹಿಸುವ ಲೆಕ್ಕ ಬೇರೆ, ಪೀಠದ ಮುಂದೆ ಕುಳಿತ ಜನರಿಗೆ ಕೊಡಬೇಕಾದ ಲೆಕ್ಕ ಬೇರೆ.

ಹೆಚ್ಚಿನ ಮನಸ್ತಾಪಗಳು ಹುಟ್ಟುವುದು ದೊಡ್ಡ ಮೊತ್ತಗಳಿಂದಲ್ಲ ಎಂಬುದು ನನ್ನ ಅನಿಸಿಕೆ. ಮದುವೆಯ ದಿನ ಅಥವಾ ಅಂತ್ಯಸಂಸ್ಕಾರದ ದಿನ ಕುಟುಂಬದವರು ಗುರುಗಳ ಕೈಗೆ ಒಂದು ಲಕೋಟೆ ಕೊಡುತ್ತಾರೆ. ಅದು ಅವರಿಗೋ ಧರ್ಮಕೇಂದ್ರಕ್ಕೋ ಎಂದು ಕೊಟ್ಟವರೂ ಹೇಳುವುದಿಲ್ಲ, ಪಡೆದವರೂ ಕೇಳುವುದಿಲ್ಲ. 531ನೇ ನಿಯಮದ ಪ್ರಕಾರ, ಧರ್ಮಕೇಂದ್ರದ ಸೇವಾಕಾರ್ಯದ ಸಂದರ್ಭದಲ್ಲಿ ಬಂದ ಕಾಣಿಕೆಯು, ಕೊಟ್ಟವರ ಇಚ್ಛೆ ಬೇರೆಯಾಗಿತ್ತೆಂದು ಸ್ಪಷ್ಟವಾಗದ ಹೊರತು, ಧರ್ಮಕೇಂದ್ರದ ನಿಧಿಗೇ ಸೇರಬೇಕು. ಹಾಗೆಯೇ ಒಂದು ನಿರ್ದಿಷ್ಟ ಉದ್ದೇಶಕ್ಕೆಂದು ಕೊಟ್ಟ ಹಣವನ್ನು ಆ ಉದ್ದೇಶಕ್ಕೇ ಬಳಸಬೇಕೆಂದು 1267ನೇ ನಿಯಮ ಹೇಳುತ್ತದೆ. ಚಾವಣಿಯ ದುರಸ್ತಿಗೆಂದು ಜನರಿಂದ ಸಂಗ್ರಹಿಸಿದ ಹಣದಲ್ಲಿ ಆವರಣದ ಗೋಡೆ ಎದ್ದರೆ ಯಾರೂ ಕದ್ದಿಲ್ಲ, ನಿಜ. ಗೋಡೆಯೂ ಕಣ್ಣ ಮುಂದೆಯೇ ಇದೆ. ಆದರೂ ಕೊಟ್ಟವರ ಇಚ್ಛೆಯನ್ನು ಕೇಳದೆ ಬದಲಿಸಿದ್ದರಿಂದ ಮುಂದಿನ ಬಾರಿ ಚಾವಣಿ ಸೋರುವಾಗ ಜನರ ಕೈ ಜೇಬಿಗೆ ಹೋಗಲು ಹಿಂಜರಿಯುತ್ತದೆ. ಇಂಥ ಸಣ್ಣ ಸಂಗತಿಗಳೇ ವರ್ಷಗಳ ಮೇಲೆ ಸೇರಿ ಒಂದು ಸಮುದಾಯವನ್ನು ಗುಸುಗುಸು ಮಾತಿನ ಗುಂಪಾಗಿಸುತ್ತವೆ.

ನಂಬಿಕೆಯ ಪ್ರಶ್ನೆಗೆ ಬರೋಣ. ಸಂತ ಪೌಲನಿಗಿಂತ ಹೆಚ್ಚು ನಂಬಿಕೆಗೆ ಅರ್ಹನಾದ ಪ್ರೇಷಿತನನ್ನು (ಯೇಸುವಿನ ಸಂದೇಶ ಸಾರಿದ ಆದಿಕಾಲದ ದೂತನನ್ನು) ಹುಡುಕುವುದು ಕಷ್ಟ. ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಆತ ಬೇರೆ ಬೇರೆ ನಗರಗಳ ಸಭೆಗಳಿಂದ ದೇಣಿಗೆ ಸಂಗ್ರಹಿಸಿದಾಗ, ಆ ಹಣವನ್ನು ತಾನೊಬ್ಬನೇ ಸಾಗಿಸುವುದಕ್ಕೆ ಒಪ್ಪಲಿಲ್ಲ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಎಂಟನೇ ಅಧ್ಯಾಯದಲ್ಲಿ, ತನ್ನ ಸಹಕಾರಿ ತೀತನ ಜೊತೆಗೆ ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನು ಕಳುಹಿಸುತ್ತಿರುವುದಾಗಿ ಹೇಳಿ, ಇಷ್ಟು ದೊಡ್ಡ ಕೊಡುಗೆಯ ನಿರ್ವಹಣೆಯಲ್ಲಿ ಯಾರೂ ತಮ್ಮ ಮೇಲೆ ತಪ್ಪು ಹೊರಿಸದಂತೆ, ದೇವರ ದೃಷ್ಟಿಯಲ್ಲಿ ಮಾತ್ರವಲ್ಲದೆ ಮನುಷ್ಯರ ದೃಷ್ಟಿಯಲ್ಲೂ ಸರಿಯಾದುದನ್ನೇ ಮಾಡಲು ಎಚ್ಚರ ವಹಿಸುತ್ತಿರುವುದಾಗಿ ವಿವರಿಸುತ್ತಾನೆ. ಸಾಕ್ಷಿಗಳನ್ನು ಬೇಕೆಂದವನು ಹಣ ಹಿಡಿದ ಪೌಲನೇ ಹೊರತು ಅವನನ್ನು ಶಂಕಿಸಿದ ಜನರಲ್ಲ. ಲೆಕ್ಕಪತ್ರವು ಗುರುಗಳ ಮಾನವನ್ನು ಕಾಯುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು.

ಬೈಬಲ್ಲಿನ ಪ್ರೇಷಿತರ ಕಾರ್ಯಕಲಾಪಗಳು ಎಂಬ ಗ್ರಂಥದ ಆರನೇ ಅಧ್ಯಾಯವೂ ಇಲ್ಲಿ ನೆನಪಾಗುತ್ತದೆ. ದೈನಂದಿನ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತನಾಡುವ ಯೆಹೂದ್ಯ ಕ್ರೈಸ್ತರು ಗೊಣಗಿದಾಗ ಹನ್ನೆರಡು ಮಂದಿ ಪ್ರೇಷಿತರು ಅವರನ್ನು ಗದರಿಸಲಿಲ್ಲ, ನಂಬಿಕೆಯ ಕೊರತೆ ಎಂದು ಜರಿಯಲೂ ಇಲ್ಲ. ಒಳ್ಳೆಯ ಹೆಸರಿರುವ ಏಳು ಮಂದಿಯನ್ನು ನೀವೇ ಆರಿಸಿರಿ ಎಂದು ಇಡೀ ಸಮುದಾಯಕ್ಕೆ ಹೇಳಿದರು. ಆಯ್ಕೆಯಾದ ಏಳು ಹೆಸರುಗಳೂ ಗ್ರೀಕ್ ಹೆಸರುಗಳು. ದೂರು ಕೊಟ್ಟ ಕಡೆಯವರ ಕೈಗೇ ಹಂಚಿಕೆಯ ಹೊಣೆ ಹೋಗಿರಬೇಕು ಎಂದು ಅನೇಕ ವ್ಯಾಖ್ಯಾನಕಾರರು ಊಹಿಸಿರುವುದು ಅದಕ್ಕಾಗಿಯೇ. ದೂರುಗಳನ್ನು ಹೀಗೆ ಬಗೆಹರಿಸುವ ಧೈರ್ಯ ಇಂದು ಎಷ್ಟು ಧರ್ಮಕೇಂದ್ರಗಳಲ್ಲಿದೆ?

ಹಣಕಾಸು ಸಮಿತಿಗಳು ಕಾಗದದ ಮೇಲೆ ಇವೆ. ಆದರೆ ವರ್ಷಕ್ಕೊಮ್ಮೆ ಸೇರಿ, ಮೊದಲೇ ಸಿದ್ಧವಾದ ಹಾಳೆಗೆ ಸಹಿ ಹಾಕಿ ಎದ್ದುಹೋಗುವ ಸಮಿತಿಯಿಂದ ಯಾರಿಗೂ ಪ್ರಯೋಜನವಿಲ್ಲ. ಧರ್ಮಪ್ರಾಂತ್ಯದ ಮಟ್ಟದ ಹಣಕಾಸು ಸಮಿತಿಯ ಸದಸ್ಯರ ಅವಧಿಯನ್ನು ಸಂಹಿತೆ ಐದು ವರ್ಷಕ್ಕೆ ನಿಗದಿ ಮಾಡಿದೆ ಮತ್ತು ಧರ್ಮಾಧ್ಯಕ್ಷರ ಹತ್ತಿರದ ನೆಂಟರನ್ನು ಅದರಿಂದ ಹೊರಗಿಟ್ಟಿದೆ. ಧರ್ಮಕೇಂದ್ರಗಳೂ ಇದೇ ಮೇಲ್ಪಂಕ್ತಿಯನ್ನು ಅನುಸರಿಸಿದರೆ, ಒಬ್ಬರೇ ಖಜಾಂಚಿ ಮೂರು ಗುರುಗಳ ವರ್ಗಾವಣೆಯನ್ನು ಕಂಡರೂ ತಾವು ಮಾತ್ರ ಕುರ್ಚಿ ಬಿಡದ ಪರಿಸ್ಥಿತಿ ತಪ್ಪುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಏಕಪಕ್ಷೀಯವಾದೀತು. ಲೆಕ್ಕ ಕೇಳುವವರಲ್ಲಿಯೂ ಎರಡು ಬಗೆಯವರಿದ್ದಾರೆ. ಧರ್ಮಕೇಂದ್ರದ ಒಂದು ಕೆಲಸಕ್ಕೂ ಕೈ ಹಾಕದೆ, ಸಭೆಯ ದಿನ ಮಾತ್ರ ಗುರುಗಳನ್ನು ಕಟಕಟೆಯಲ್ಲಿ ನಿಲ್ಲಿಸಿದಂತೆ ಪ್ರಶ್ನಿಸುವವರನ್ನು ಕಂಡಾಗ, ಲೆಕ್ಕ ಬಯಲು ಮಾಡಲು ಹಿಂಜರಿಯುವ ಗುರುಗಳ ಮೇಲೆ ಕನಿಕರವೇ ಮೂಡುತ್ತದೆ. ಸಮಿತಿಗಳು ಸಲಹೆ ನೀಡತಕ್ಕವು, ಧರ್ಮಕೇಂದ್ರವನ್ನು ಆಳತಕ್ಕವಲ್ಲ ಎಂಬ ಮಾತೂ ಕಾನೂನಿಗೆ ಅನುಗುಣವಾಗಿಯೇ ಇದೆ. ಆದರೆ ಸಲಹೆ ಕೇಳಬೇಕಾದರೆ ಮೊದಲು ಸಭೆ ಕರೆಯಬೇಕು, ಸಭೆ ಕರೆದ ಮೇಲೆ ಅಂಕಿಗಳನ್ನು ಮುಂದಿಡಬೇಕು. 1992ರಲ್ಲಿ ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರು ಪಾರುಪತ್ಯದ ಕುರಿತು ಹೊರಡಿಸಿದ ಪಾಲನಾ ಪತ್ರವು ಅದನ್ನು ಹಣ ಸಂಗ್ರಹದ ತಂತ್ರವಾಗಿ ಕಾಣದೆ ಶಿಷ್ಯತ್ವದ ಭಾಗವಾಗಿ ಕಂಡಿತು. ಸಮಯ ಮತ್ತು ಪ್ರತಿಭೆಯನ್ನು ಕೇಳದೆ ಹಣವನ್ನಷ್ಟೇ ಕೇಳುವ ಧರ್ಮಕೇಂದ್ರಕ್ಕೆ ಚಂದಾದಾರರು ಸಿಗುತ್ತಾರೆ, ಸಮುದಾಯ ಸಿಗುವುದಿಲ್ಲ. ಹಾಸಿಗೆ ಹಿಡಿದವರ ಬಳಿ ವಾರಕ್ಕೊಂದು ಗಂಟೆ ಕೂರುವವರು, ಮಕ್ಕಳಿಗೆ ಧರ್ಮೋಪದೇಶ ಕಲಿಸುವವರು, ದೀಕ್ಷಾಸ್ನಾನ ಮತ್ತು ಮರಣದ ದಾಖಲೆಗಳನ್ನು ಮಳೆ ಗೆದ್ದಲುಗಳಿಂದ ಕಾಪಾಡುವವರು ಕೊಡುವುದೂ ಕಾಣಿಕೆಯೇ. ಅದಕ್ಕೆ ರಸೀದಿ ಇಲ್ಲ ಅಷ್ಟೇ.

ಇಲ್ಲಿಯೇ ಒಂದು ಅಹಿತಕರ ಸಂಗತಿಯನ್ನು ಹೇಳಬೇಕಾಗಿದೆ. ಸೇವೆ ಎಂಬ ಹೆಸರಿನಲ್ಲಿ ಅತ್ಯಂತ ಕಡಿಮೆ ಸಂಬಳಕ್ಕೆ ದುಡಿಸಿಕೊಳ್ಳುವುದು ಹಲವು ಧರ್ಮಕೇಂದ್ರಗಳಲ್ಲಿ ಮಾಮೂಲಾಗಿದೆ. ಬೆಳಗಿನ ಪೂಜೆಗೆ ಬಾಗಿಲು ತೆರೆದು ರಾತ್ರಿ ದೀಪ ಆರಿಸುವವರೆಗೆ ಇರುವ ದೇವಾಲಯ ಸೇವಕರು, ಕಚೇರಿ ನೋಡಿಕೊಳ್ಳುವ ಗುಮಾಸ್ತರು, ಪೂರ್ಣಾವಧಿ ಉಪದೇಶಿಗಳು, ಇವರೆಲ್ಲ ಸ್ವಯಂಸೇವಕರಲ್ಲ, ನೌಕರರು. ನೌಕರಿಯ ವಿಷಯದಲ್ಲಿ ನಾಡಿನ ಕಾರ್ಮಿಕ ಕಾನೂನನ್ನೂ ಧರ್ಮಸಭೆಯ ಸಾಮಾಜಿಕ ತತ್ವಗಳನ್ನೂ ಕಟ್ಟುನಿಟ್ಟಾಗಿ ಪಾಲಿಸಿ, ಅವರೂ ಅವರನ್ನು ನಂಬಿದವರೂ ಬಾಳಲು ಸಾಕಾಗುವಂಥ ನ್ಯಾಯವಾದ ವೇತನ ಕೊಡಬೇಕೆಂದು 1286ನೇ ನಿಯಮ ಆಡಳಿತಗಾರರಿಗೆ ಆಜ್ಞಾಪಿಸುತ್ತದೆ. ಕಾರ್ಮಿಕರ ಹಕ್ಕುಗಳ ಬಗ್ಗೆ 1891ರಲ್ಲಿಯೇ ಪೋಪ್ ಹದಿಮೂರನೇ ಲಿಯೋ ಅವರ ವಿಶ್ವಪತ್ರವನ್ನು (ಇಡೀ ಧರ್ಮಸಭೆಗೆ ಬರೆದ ಪತ್ರವನ್ನು) ಪಡೆದ ಧರ್ಮಸಭೆ, ತನ್ನ ಗಂಟೆ ಬಾರಿಸುವವನ ವೇತನದ ವಿಷಯದಲ್ಲಿ ಸುಮ್ಮನಿರುವುದು ಶೋಭಿಸುವುದಿಲ್ಲ. ವಾರ್ಷಿಕ ಲೆಕ್ಕ ಜನರ ಮುಂದೆ ಬಂದರೆ ಈ ಸಂಬಳದ ಸಾಲೂ ಅವರ ಕಣ್ಣಿಗೆ ಬೀಳುತ್ತದೆ. ಆಗ ನಾಚಿಕೆ ಪಡಬೇಕಾದವರು ಗುರುಗಳು ಮಾತ್ರ ಆಗಿರುವುದಿಲ್ಲ.

ವರ್ಷದ ವಂತಿಗೆ ಬಾಕಿಯಿದೆ ಎಂಬ ಕಾರಣಕ್ಕೆ ಮಗುವಿನ ದೀಕ್ಷಾಸ್ನಾನವನ್ನೋ ಮದುವೆಯನ್ನೋ ತಡೆಹಿಡಿಯುವ ಪದ್ಧತಿ ಎಲ್ಲಿಯೇ ಇದ್ದರೂ ಅದು ನಿಲ್ಲಬೇಕು. ಬಡತನದ ಕಾರಣದಿಂದ ಯಾರೂ ಸಂಸ್ಕಾರಗಳಿಂದ ವಂಚಿತರಾಗದಂತೆ ನೋಡಿಕೊಳ್ಳಬೇಕೆಂದು 848ನೇ ನಿಯಮ ಹೇಳುತ್ತದೆ. ಇದರಲ್ಲಿ ವ್ಯಾಖ್ಯಾನಕ್ಕೆ ಆಸ್ಪದವಿಲ್ಲ. ದಾನಿಗಳ ಹೆಸರು ಮತ್ತು ಮೊತ್ತವನ್ನು ದೊಡ್ಡದರಿಂದ ಚಿಕ್ಕದಕ್ಕೆ ಕ್ರಮವಾಗಿ ಫಲಕದಲ್ಲಿ ಬರೆಯುವುದನ್ನೂ ನಾನು ಒಪ್ಪಲಾರೆ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಬಿಡಿಕಾಸು ಹಾಕಿದ ಬಡ ವಿಧವೆಯನ್ನು ಪ್ರಭು ಯೇಸು ಎಲ್ಲರಿಗಿಂತ ಮೊದಲಿಟ್ಟರು; ನಮ್ಮ ಫಲಕದಲ್ಲಿ ಆಕೆಗೆ ಕೊನೆಯ ಸಾಲಿನಲ್ಲೂ ಜಾಗ ಸಿಗುವುದು ಅನುಮಾನ. ಲೆಕ್ಕ ಬಯಲಾಗಲಿ ಎನ್ನುವಾಗ ಬಯಲಾಗಬೇಕಾದುದು ಸಮುದಾಯ ಪಡೆದದ್ದು ಮತ್ತು ಖರ್ಚು ಮಾಡಿದ್ದು, ಯಾವ ಮನೆಯವರು ಎಷ್ಟು ಕೊಟ್ಟರೆಂಬುದಲ್ಲ.

ಖರ್ಚಿನ ಕಡೆಗೂ ಒಂದು ಮಾತು. ಧರ್ಮಸಭೆಗೆ ಆಸ್ತಿ ಏಕೆ ಬೇಕು ಎಂಬುದಕ್ಕೆ 1254ನೇ ನಿಯಮ ಕೊಡುವ ಮುಖ್ಯ ಕಾರಣಗಳು ದೈವಾರಾಧನೆ, ಗುರುಗಳ ಮತ್ತು ಇತರ ಸೇವಕರ ಪೋಷಣೆ ಹಾಗೂ ಪ್ರೇಷಿತಕಾರ್ಯ ಮತ್ತು ದಾನಧರ್ಮ, ವಿಶೇಷವಾಗಿ ಬಡವರಿಗಾಗಿ. ಸುಮಾರು ಕ್ರಿ.ಶ. 155ರಲ್ಲಿ ರೋಮನ್ ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿ ಆದಿ ಕ್ರೈಸ್ತ ಲೇಖಕ ಸಂತ ಜಸ್ಟಿನ್, ಭಾನುವಾರದ ಪೂಜೆಯ ಕಾಣಿಕೆಯು ಅನಾಥರು, ವಿಧವೆಯರು, ರೋಗಿಗಳು, ಸೆರೆಯಾಳುಗಳು ಮತ್ತು ಪರದೇಶಿಗಳ ನೆರವಿಗೆ ಹೋಗುತ್ತಿತ್ತೆಂದು ತಿಳಿಸಿದ್ದಾನೆ. 1833ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿ ಫ್ರೆಡ್ರಿಕ್ ಓಜಾನಾಮ್ ಮತ್ತು ಆತನ ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರು ಇಂದಿಗೂ ಅನೇಕ ಧರ್ಮಕೇಂದ್ರಗಳಲ್ಲಿ ಬಡವರ ಮನೆಬಾಗಿಲಿಗೆ ಹೋಗುತ್ತಾರೆ. ಆದರೆ ಧರ್ಮಕೇಂದ್ರದ ಮುಖ್ಯ ನಿಧಿಯಿಂದ ಬಡವರಿಗೆ ಹೋದದ್ದೆಷ್ಟು, ಅಮೃತಶಿಲೆಗೆ ಹೋದದ್ದೆಷ್ಟು ಎಂದು ಕೇಳಿದರೆ ಉತ್ತರ ಸಲೀಸಾಗಿ ಬರುವುದಿಲ್ಲ. ಬಡವರ ಪಾಲನ್ನು ಪ್ರತ್ಯೇಕ ಬಾಬತ್ತಾಗಿ ತೋರಿಸದ ಲೆಕ್ಕಪತ್ರ ನನ್ನ ದೃಷ್ಟಿಯಲ್ಲಿ ಅಪೂರ್ಣ.

ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ಒಂದೆರಡು ಪುಟದಲ್ಲಿ, ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ವರ್ಷದ ಆದಾಯ, ವೆಚ್ಚ, ಉದ್ದೇಶಿತ ನಿಧಿಗಳ ಉಳಿಕೆ ಮತ್ತು ಸಾಲಗಳನ್ನು ಬರೆದು ಸೂಚನಾ ಫಲಕದಲ್ಲಿ ಹಾಕಬೇಕು. ಒಂದು ಭಾನುವಾರ ಪೂಜೆಯ ನಂತರ ಹಣಕಾಸು ಸಮಿತಿಯವರೇ ಅದನ್ನು ಓದಿ ಹೇಳಬೇಕು. ಪ್ರಶ್ನೆಗಳಿಗೆ ಬೇರೊಂದು ದಿನ ಸಮಯ ಕೊಡಬೇಕು. 2024ರ ಅಕ್ಟೋಬರ್‌ನಲ್ಲಿ ರೋಮಿನಲ್ಲಿ ಮುಗಿದ ಸಿನೋಡ್ ಸಭೆಯ (ಧರ್ಮಾಧ್ಯಕ್ಷರೇ ಮೊದಲಾದವರ ವಿಶ್ವಮಟ್ಟದ ಸಮಾಲೋಚನಾ ಸಭೆಯ) ಅಂತಿಮ ದಸ್ತಾವೇಜು ಕೂಡ ಪಾರದರ್ಶಕತೆ ಮತ್ತು ಉತ್ತರದಾಯಿತ್ವ ಧರ್ಮಸಭೆಯ ಎಲ್ಲ ಹಂತಗಳಲ್ಲೂ ರೂಢಿಯಾಗಬೇಕೆಂದು ಹೇಳಿದೆ, ಅಂದಿನ ಪೋಪ್ ಫ್ರಾನ್ಸಿಸ್ ಅದಕ್ಕೆ ಒಪ್ಪಿಗೆ ನೀಡಿ ಪ್ರಕಟಿಸಿದರು. 1287ನೇ ನಿಯಮವು ಲೆಕ್ಕ ಒಪ್ಪಿಸುವ ವಿಧಾನವನ್ನು ಸ್ಥಳೀಯ ಕಾನೂನಿಗೆ ಬಿಟ್ಟಿರುವುದರಿಂದ, ಅಂಥ ಸ್ಪಷ್ಟ ಕಟ್ಟಳೆಯಿಲ್ಲದ ಧರ್ಮಪ್ರಾಂತ್ಯಗಳಲ್ಲಿ ಧರ್ಮಾಧ್ಯಕ್ಷರು ಅದರ ನಮೂನೆಯನ್ನೂ ಕೊನೆಯ ದಿನಾಂಕವನ್ನೂ ಗೊತ್ತುಪಡಿಸಬೇಕೆಂದು ವಿನಂತಿಸುತ್ತೇನೆ. ಅದು ಬರುವವರೆಗೆ ಕಾಯದೆ ಈ ವರ್ಷವೇ ಲೆಕ್ಕ ಓದಲು ಯಾವ ವಿಚಾರಣಾ ಗುರುಗಳಿಗೂ ಯಾವ ಕಾನೂನಿನ ಅಡ್ಡಿಯೂ ಇಲ್ಲ.

ಇಂತಿ ತಮ್ಮ ವಿಶ್ವಾಸಿ,
ಧರ್ಮಕೇಂದ್ರವೊಂದರ ಸದಸ್ಯ