ಇನ್ನು ಮುಂದೆ ಟನ್ ಲೆಕ್ಕದ ಕೊಟೇಶನ್ ಇಲ್ಲ

ಗ್ರಾಹಕ ಮಿತ್ರರಿಗೆ ನಮಸ್ಕಾರ.

ನಮ್ಮಿಂದ ಬರುವ ಮುಂದಿನ ಕೊಟೇಶನ್ ನೋಡಿದಾಗ ನಿಮಗೆ ಎರಡು ವಿಷಯ ವಿಚಿತ್ರ ಅನಿಸಬಹುದು. ಗರ್ಡರ್, ಅಂದರೆ ಸೇತುವೆಯನ್ನು ಹೊರುವ ಉಕ್ಕಿನ ತೊಲೆ, ಅದರ ತೂಕ ಮೊದಲಿಗಿಂತ ಜಾಸ್ತಿ ಇರುತ್ತದೆ. ಟನ್ನಿಗೆ ಇಷ್ಟು ಅನ್ನುವ ದರ ಇರುವುದಿಲ್ಲ, ಸೇತುವೆ ಕೂರಿಸಿ ಕೊಡುವವರೆಗಿನ ಒಟ್ಟು ಮೊತ್ತ ಇರುತ್ತದೆ. ಟೈಪ್ ಮಾಡುವಾಗ ತಪ್ಪಾಗಿದೆ ಅಂದುಕೊಳ್ಳಬೇಡಿ, ಬೇಕಂತಲೇ ಹಾಗೆ ಮಾಡಿದ್ದೇವೆ.

ಇಷ್ಟು ವರ್ಷ ನಮ್ಮ ಗರ್ಡರೇ ಹಗುರ ಎಂದು ನಾವೇ ಹೇಳಿಕೊಂಡು ತಿರುಗಿದೆವು. ನೀವೂ ಟನ್ ನೋಡಿಯೇ ಹೋಲಿಸುತ್ತಿದ್ದಿರಿ, ಅಲ್ವಾ? ಉದ್ದದ ಸೇತುವೆಗೆ ಅದು ಸರಿ. ಅಲ್ಲಿ ಗರ್ಡರ್‌ನ ಅರ್ಧ ಶಕ್ತಿ ತನ್ನನ್ನು ತಾನು ಹೊರುವುದರಲ್ಲೇ ಹೋಗಬಹುದು. ಆದರೆ 10, 15, 20 ಮೀಟರ್ ಸೇತುವೆಯಲ್ಲಿ ಮೇಲಿನ ಕಾಂಕ್ರೀಟ್ ಸ್ಲ್ಯಾಬ್, ಓಡಾಡುವ ಲಾರಿ ಇವುಗಳ ಮುಂದೆ ಗರ್ಡರ್‌ನ ತೂಕ ಸಣ್ಣದು. ಅಲ್ಲಿ ದುಡ್ಡು ಹೋಗುವುದು ಕೂಲಿಗೆ, ವೆಲ್ಡಿಂಗ್‌ಗೆ, ಕ್ರೇನ್ ಬಾಡಿಗೆಗೆ.

ಒಂದು ಲೆಕ್ಕ ನೋಡಿ. 18 ಮೀಟರ್ ಉದ್ದದ ಗರ್ಡರ್, ಅದರ ವೆಬ್ಬಿನ (ನಡುವೆ ನೆಟ್ಟಗೆ ನಿಲ್ಲುವ ತಗಡಿನ) ಎತ್ತರ 900 ಮಿ.ಮೀ. ಮೊದಲು ನಾವು 8 ಮಿ.ಮೀ. ತಗಡು ಹಾಕುತ್ತಿದ್ದೆವು. ಅಷ್ಟು ತೆಳು ತಗಡು ಒತ್ತಡಕ್ಕೆ ಸೊಟ್ಟಗಾಗದಿರಲಿ ಎಂದು ಸುಮಾರು 900 ಮಿ.ಮೀ.ಗೆ ಒಂದರಂತೆ ಎರಡೂ ಬದಿಗೆ ಸ್ಟಿಫ್ನರ್ ಪಟ್ಟಿ ಕೂರಿಸುತ್ತಿದ್ದೆವು. ಒಟ್ಟು 40 ಪಟ್ಟಿ. ಒಂದೊಂದನ್ನೂ ಕತ್ತರಿಸಬೇಕು, ಅಳೆದು ನಿಲ್ಲಿಸಬೇಕು, ಎರಡೂ ಅಂಚಿಗೆ ವೆಲ್ಡ್ ಮಾಡಬೇಕು. ಒಂದೇ ಗರ್ಡರ್‌ಗೆ ಸುಮಾರು 72 ಮೀಟರ್ ವೆಲ್ಡಿಂಗ್! ಈಗ ವೆಬ್ಬನ್ನು 12 ಮಿ.ಮೀ. ಮಾಡುತ್ತೇವೆ. ಅದರಿಂದ ಸುಮಾರು 510 ಕೆ.ಜಿ. ಉಕ್ಕು ಜಾಸ್ತಿ. 100 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಆ 40 ಪಟ್ಟಿ ಹೋದರೆ ಸುಮಾರು 280 ಕೆ.ಜಿ. ವಾಪಸ್. ಮಿಕ್ಕ 230 ಕೆ.ಜಿ. ಉಕ್ಕಿನ ಬೆಲೆಯನ್ನೂ 72 ಮೀಟರ್ ವೆಲ್ಡಿಂಗ್‌ನ ಕೂಲಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ ದಿನವೇ ನಾವು ಹಳೇ ಡ್ರಾಯಿಂಗ್ ಬದಿಗಿಟ್ಟೆವು. ಬೇರಿಂಗ್ (ಗರ್ಡರ್‌ನ ತುದಿ ಕೂರುವ ಆಸರೆ) ಮೇಲೆ ಮತ್ತು ಗರ್ಡರ್‌ಗಳನ್ನು ಒಂದಕ್ಕೊಂದು ಕಟ್ಟುವ ಅಡ್ಡ ಬ್ರೇಸಿಂಗ್ ಕೂರುವ ಕಡೆ ಮಾತ್ರ ಪಟ್ಟಿ ಉಳಿಯುತ್ತದೆ, ಅಷ್ಟರ ಮಟ್ಟಿಗೆ ಮೇಲಿನ ಲೆಕ್ಕದ ಉಳಿತಾಯ ಸ್ವಲ್ಪ ಕಡಿಮೆ.

ಇನ್ನೊಂದು ಲಾಭವನ್ನು ನಾವು ಮೊದಲು ಲೆಕ್ಕಕ್ಕೇ ತಗೊಂಡಿರಲಿಲ್ಲ. ಲಾರಿಗಳು ಓಡಾಡಿ ಓಡಾಡಿ ಉಕ್ಕು ದಣಿದಾಗ ಬಿರುಕು ಸಾಮಾನ್ಯವಾಗಿ ಇಂಥ ವೆಲ್ಡಿನ ಬುಡದಲ್ಲೇ ಶುರುವಾಗುತ್ತದೆ. ವೆಲ್ಡು ಕಡಿಮೆಯಾದರೆ ಆ ಜಾಗಗಳೂ ಕಡಿಮೆ.

ಉದ್ದವೂ ಇನ್ನು ಮೇಲೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತಲ್ಲ. 6ರಿಂದ 24 ಮೀಟರ್‌ವರೆಗೆ ಮೂರು ಮೀಟರ್ ಮೆಟ್ಟಿಲಿನಲ್ಲಿ ಸಿದ್ಧ ಡ್ರಾಯಿಂಗ್ ಇವೆ. 15 ಮೀಟರ್‌ವರೆಗೆ ಮಿಲ್ಲಿನಿಂದ ಇಡಿಯಾಗಿ ಬರುವ ರೋಲ್ಡ್ ಬೀಮ್, ಅದರಾಚೆಗೆ ದಪ್ಪ ವೆಬ್ಬಿನ ಗರ್ಡರ್. ನಿಮಗೆ 13.4 ಮೀಟರ್ ಬೇಕಿದ್ದರೆ 15 ಮೀಟರಿನದನ್ನೇ ಹೇಳುತ್ತೇವೆ. ಸುಮ್ನೆ ಉದ್ದ ಮಾರುತ್ತಿದ್ದಾರೆ ಅನ್ನಬೇಡಿ. ಅಡಿಪಾಯ ನೀರಿನಿಂದ ಇನ್ನಷ್ಟು ಹಿಂದೆ ಸರಿಯುತ್ತದೆ, ನೆರೆ ನೀರಿಗೆ ದಾರಿ ಅಗಲವಾಗುತ್ತದೆ. ಹಳೇ ಸೇತುವೆಯ ದಡದ ಗೋಡೆ ಇದ್ದರೆ ಅದನ್ನು ಒಡೆಯದೆ ಹಿಂದೆಯೇ ಹೊಸದು ಕಟ್ಟಬಹುದು.

ತುದಿಯ ಜಾಯಿಂಟನ್ನೂ ಸಾಧ್ಯವಾದ ಕಡೆ ಕೈಬಿಡುತ್ತೇವೆ. 20 ಮೀಟರ್ ಉಕ್ಕು 40 ಡಿಗ್ರಿ ಸೆಲ್ಸಿಯಸ್ ಏರಿಳಿತಕ್ಕೆ ಹಿಗ್ಗುವುದು ಹತ್ತು ಮಿ.ಮೀ.ಯಷ್ಟೇ. ಅಷ್ಟಕ್ಕಾಗಿ ರಸ್ತೆಯಲ್ಲಿ ಸಂದು ಬಿಟ್ಟರೆ ನೀರು ಇಳಿದು ಗರ್ಡರ್‌ನ ತುದಿಯೇ ಮೊದಲು ತುಕ್ಕು ಹಿಡಿಯುತ್ತದೆ. ಅದರ ಬದಲು ತುದಿಯನ್ನು ದಡದ ಕಾಂಕ್ರೀಟಿನಲ್ಲೇ ಹುದುಗಿಸುತ್ತೇವೆ. ಕೆಳಗಿನ ಪೈಲ್‌ಗಳು (ನೆಲದಾಳಕ್ಕೆ ಇಳಿಸಿದ ಕಂಬಗಳು) ಆ ಹತ್ತು ಮಿ.ಮೀ.ಗೆ ಬಗ್ಗಿಕೊಳ್ಳುತ್ತವೆ. ಬಂಡೆ ನೆಲದಲ್ಲಿ ಇದು ಆಗದು, ಅಲ್ಲಿ ಹಳೇ ಪದ್ಧತಿಯೇ.

ಈಗಾಗಲೇ ಒಪ್ಪಂದವಾದ ಕೆಲಸಗಳಲ್ಲಿ ಏನೂ ಬದಲಾಗುವುದಿಲ್ಲ. ಹೊಸದಾಗಿ ಕೇಳುವವರು ರಸ್ತೆಯ ಅಗಲ, ನೆರೆ ಬಂದಾಗ ನೀರು ಏರುವ ಮಟ್ಟ, ಮಣ್ಣಿನ ಪರೀಕ್ಷೆಯ ವರದಿ ಇಷ್ಟನ್ನು ಕಳಿಸಿ. ಜಾಗಕ್ಕೆ ಹೋಗುವ ದಾರಿಯ ತಿರುವುಗಳ ಫೋಟೋ ಮರೆಯಬೇಡಿ. ಹಿಂದೊಮ್ಮೆ ಟ್ರೈಲರ್ ತಿರುವಿನಲ್ಲೇ ಸಿಕ್ಕಿಕೊಂಡು, ಕ್ರೇನ್ ಎರಡು ದಿನ ಸುಮ್ಮನೆ ನಿಂತಿತ್ತು. ಬಾಡಿಗೆ ಮಾತ್ರ ಓಡುತ್ತಿತ್ತು.

ಇಂತಿ ನಿಮ್ಮ,
ಕಾರ್ಖಾನೆಯ ಬಳಗ