ದೀಪ ಹಚ್ಚಿದವರ ಹೆಸರಿದೆ, ಚಿತ್ರ ಬರೆದವರ ಹೆಸರಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕೊಪ್ಪಳದ ಸಮುದಾಯ ಚಿತ್ರ ಗ್ಯಾಲರಿಯಲ್ಲಿ ನಮ್ಮ ಜಿಲ್ಲೆಯ ಚಿತ್ರಕಾರರ ಪ್ರದರ್ಶನ ಮೂರು ದಿನ ನಡೆಯಿತು. ನಿಮ್ಮ ಜಿಲ್ಲಾ ಪುಟದಲ್ಲಿ ಫೋಟೋ ಸಮೇತ ಸುದ್ದಿಯೂ ಬಂತು. ಫೋಟೋದಲ್ಲಿ ದೀಪ ಹಚ್ಚುತ್ತಿರುವ ಗಣ್ಯರಿದ್ದಾರೆ. ಸುದ್ದಿಯಲ್ಲಿ ಅಧ್ಯಕ್ಷತೆ ವಹಿಸಿದವರು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು ಎಲ್ಲರೂ ಇದ್ದಾರೆ. ಚಿತ್ರ ಬರೆದವರ ಪೈಕಿ ಒಬ್ಬರ ಹೆಸರೂ ಇಲ್ಲ. ಗೋಡೆ ಮೇಲೆ ಏನಿತ್ತು ಅಂತ ಒಂದು ಸಾಲೂ ಇಲ್ಲ. ಸುದ್ದಿ ಬಂದದ್ದು ಪ್ರದರ್ಶನ ಮುಗಿದ ಮಾರನೇ ದಿನ.

ಇದು ನನಗೆ ತುಂಬ ಬೇಜಾರಾದ ಸಂಗತಿ. ಯಾಕಂದ್ರೆ ಅಲ್ಲಿದ್ದ ಚಿತ್ರಗಳನ್ನು ನಾನು ಚೆನ್ನಾಗಿ ಬಲ್ಲೆ.

ನಾನು ಪಟಗಳಿಗೆ ಕಟ್ಟು ಹಾಕುವವನು. ದೇವರ ಪಟ, ಮದುವೆ ಫೋಟೋ, ತೀರಿಕೊಂಡ ಹಿರಿಯರ ಫೋಟೋ, ಸನ್ಮಾನ ಪತ್ರ, ನನ್ನ ಅಂಗಡಿ ನಡೆಯುವುದು ಇವುಗಳಿಂದ. ಆದರೆ ಊರಿನ ಚಿತ್ರಕಾರರು ತಮ್ಮ ಕೆಲಸವನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ತಂದಾಗ ಆಗುವ ಖುಷಿಯೇ ಬೇರೆ. ಅವರ ಮನೆಯವರನ್ನು ಬಿಟ್ಟರೆ ಅದನ್ನು ಮೊದಲು ನೋಡುವವನು ನಾನು.

ಒಂದು ಚಿತ್ರ ತುಂಗಭದ್ರಾ ಡ್ಯಾಮಿನದು. 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ 19ನೇ ಗೇಟು ಕೊಚ್ಚಿಹೋಯಿತಲ್ಲ, ಆಮೇಲೆ ಹರಿಯುವ ನೀರಿನಲ್ಲೇ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್, ಅಂದ್ರೆ ನೀರು ತಡೆಯುವ ಉಕ್ಕಿನ ಅಡ್ಡಹಲಗೆ, ಇಳಿಸಿದರಲ್ಲ, ಆ ಹೊತ್ತಿನ ಚಿತ್ರ. ಬರೆದವರು ಕುಷ್ಟಗಿ ಕಡೆಯ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ವಾಟರ್ ಕಲರ್ ಕೆಲಸ. ನೀರಿಗೆ ಅವರು ಬಣ್ಣವನ್ನೇ ಹಚ್ಚಿಲ್ಲ. ಹಾಳೆಯ ಬಿಳುಪನ್ನು ಹಾಗೇ ಬಿಟ್ಟು, ಸುತ್ತ ಕಲ್ಲುಕಟ್ಟಡದ ಬೂದು ಬಣ್ಣ ತುಂಬಿದ್ದಾರೆ. ಹತ್ತಿರ ನಿಂತರೆ ಬರೀ ಹಾಳೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮೈಮೇಲೇ ಬರುವಂಥ ನೀರು. ಮೇಲೆ ಡ್ಯಾಮಿನ ಮೇಲೆ ನಿಂತ ಕೆಲಸಗಾರರು ಒಂದೊಂದು ಅಕ್ಕಿಕಾಳಿನಷ್ಟಿದ್ದಾರೆ. ಅಷ್ಟರಲ್ಲೇ ಒಬ್ಬ ಕೈ ಎತ್ತಿ ಕ್ರೇನಿನವನಿಗೆ ಸನ್ನೆ ಮಾಡುತ್ತಿರುವುದು ಕಾಣುತ್ತದೆ. ಇಂಥ ಹಾಳೆ ಗಾಜಿಗೆ ತಾಗಬಾರದು. ತಾಗಿದರೆ ಮಳೆಗಾಲದ ತೇವಕ್ಕೆ ಗಾಜಿಗೇ ಅಂಟಿಕೊಳ್ಳುತ್ತದೆ. ಅದಕ್ಕೇ ಹಾಳೆಗೂ ಗಾಜಿಗೂ ನಡುವೆ ಅಗಲವಾದ ಮೌಂಟ್ (ರಟ್ಟಿನ ಅಂಚು) ಕೊಟ್ಟು, ತೆಳ್ಳನೆ ಕಪ್ಪು ಪಟ್ಟಿ ಹಾಕಿ ಕಟ್ಟಿದ್ದೆ.

ಎರಡನೇ ದಿನ ಸಂಜೆ ಕಾರಟಗಿ ಕಡೆಯ ರೈತರೊಬ್ಬರು ಇದರ ಮುಂದೆ ಬಹಳ ಹೊತ್ತು ನಿಂತಿದ್ದರು. ‘ಇದು ನಮ್ಮ ಡ್ಯಾಂ ಐತ್ರಿ. ಆ ವಾರ ನಮ್ಮ ಮನ್ಯಾಗ ಯಾರೂ ಸರಿಯಾಗಿ ನಿದ್ದಿ ಮಾಡಿಲ್ರಿ’ ಅಂದರು. ಸಂತೆಗೆ ಬಂದವರು, ಗ್ಯಾಲರಿ ಬಾಗಿಲು ತೆರೆದಿದೆ ಅಂತ ಸುಮ್ನೆ ಒಳಗೆ ಬಂದಿದ್ದರಂತೆ. ಮೊದಲ ದಿನವೇ ಪೇಪರಿನಲ್ಲಿ ಈ ಚಿತ್ರದ ಬಗ್ಗೆ ನಾಲ್ಕು ಸಾಲು ಬಂದಿದ್ದರೆ ಅವರಂಥವರು ಇನ್ನೆಷ್ಟು ಜನ ಬರುತ್ತಿದ್ದರು! ಕಾಲುವೆ ನೀರಿನ ಮೇಲೆ ಬದುಕುವ ಊರುಗಳು ನಮ್ಮಲ್ಲಿ ಕಡಿಮೆ ಇವೆಯೇ?

ಇನ್ನೊಂದು ಚಿತ್ರ ಬರೆದವನು ಕಿನ್ನಾಳದ ಯುವಕ. ಕಿನ್ನಾಳದ ಕೆಲಸ ನಿಮ್ಮ ಓದುಗರಿಗೆ ಗೊತ್ತೇ ಇದೆ. ಹಗುರ ಮರದ ಗೊಂಬೆ, ಹುಣಸೆ ಬೀಜದ ಅಂಟು, ತವರದಿಂದ ಚಿನ್ನದ ಹೊಳಪು ತರುವ ಲಾಜವರ. ಇದು ಈ ಊರಿನದೇ ಕೆಲಸ ಅನ್ನುವ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಈ ಹುಡುಗ ಮರದ ಹಲಗೆ ಮೇಲೆ ತನ್ನ ಅಜ್ಜಿಯ ಮುಖ ಬರೆದಿದ್ದಾನೆ. ಮುಖವೆಲ್ಲ ಕೆಮ್ಮಣ್ಣಿನ ಮಂಕು ಬಣ್ಣ. ದೇವರ ಆಭರಣಕ್ಕೆ ಹಾಕುವ ಆ ಹೊಳಪನ್ನು ಅಜ್ಜಿಯ ನತ್ತಿಗೆ ಮಾತ್ರ ಹಾಕಿದ್ದಾನೆ. ಇದಕ್ಕೆ ಕಟ್ಟು ಬೇಡ, ಹಲಗೆ ಹಾಗೇ ಇರಲಿ ಅಂತ ನಾನೇ ಹೇಳಿ, ಹಿಂದೆ ಎರಡು ಕೊಕ್ಕೆ ಮಾತ್ರ ಹಾಕಿಕೊಟ್ಟೆ.

ಹಂಪಿ ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ತಲೆ ಎತ್ತಿ ನೋಡಿದ್ದೀರಲ್ವಾ? ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ, ಗಿರಿಜಾ ಕಲ್ಯಾಣ, ಮೀನಿಗೆ ಗುರಿಯಿಟ್ಟ ಅರ್ಜುನ. ಅವನ್ನು ಬರೆದವರು ಕಿನ್ನಾಳದ ಚಿತ್ರಗಾರರ ಹಿರಿಯರು ಅಂತ ನಮ್ಮ ಕಡೆ ಹೇಳುತ್ತಾರೆ. ಮಂಟಪ ಕಟ್ಟಿಸಿದ್ದು ಕೃಷ್ಣದೇವರಾಯ ಅನ್ನುವುದಕ್ಕೆ 1510ರ ಶಾಸನ ಅಲ್ಲೇ ನಿಂತಿದೆ. ಚಿತ್ರ ಬರೆದವರ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಈಗ ಪತ್ರಿಕೆ ಇದೆ, ಮನೆಮನೆಗೆ ಬರುತ್ತದೆ. ಈಗಲೂ ಹಾಗೇ ಆಗುವುದು ಸರಿಯಲ್ಲ.

ತಪ್ಪೆಲ್ಲ ವರದಿಗಾರರದ್ದು ಅಂತ ನಾನು ಹೇಳುವುದಿಲ್ಲ. ಅವರಿಗೆ ದಿನಕ್ಕೆ ಹತ್ತು ಕಾರ್ಯಕ್ರಮ ಇರುತ್ತವೆ. ಸಂಘಟಕರು ಕೊಡುವ ಪ್ರೆಸ್ ನೋಟಿನಲ್ಲೇ ವೇದಿಕೆಯ ಹೆಸರುಗಳಿರುತ್ತವೆ, ಚಿತ್ರಕಾರರ ಹೆಸರಿರುವುದಿಲ್ಲ. ಇದನ್ನು ಸಂಘಟಕರಿಗೂ ಹೇಳಿದ್ದೇನೆ.

ಆದರೆ ಹೆಸರು ಬರುವುದು ಸಣ್ಣ ಮಾತಲ್ಲ. ಪೇಪರಿನಲ್ಲಿ ಹೆಸರು ಬಂದವರು ಆ ತುಣುಕನ್ನು ತಂದು ಕಟ್ಟು ಹಾಕಿಸಿಕೊಂಡು ಹೋಗುತ್ತಾರೆ. ಮನೆಯಲ್ಲಿ ‘ಬಣ್ಣಕ್ಕೆ ಯಾಕೆ ದುಡ್ಡು ಸುರೀತೀಯಾ’ ಅನ್ನುತ್ತಿದ್ದವರ ಮುಂದೆಯೇ ಅದನ್ನು ತೂಗುಹಾಕುತ್ತಾರೆ. ಈ ಸಲ ಯಾರೂ ತರಲಿಲ್ಲ.

ಬೆಲೆಯನ್ನೂ ಬರೆಯಿರಿ. ನೋಡಲು ಬಂದವರಲ್ಲಿ ಬೆಲೆ ಕೇಳಲು ಹಿಂಜರಿದವರೇ ಜಾಸ್ತಿ. ಕೈಯಿಂದ ಬರೆದ ಚಿತ್ರ ಅಂದ್ರೆ ಲಕ್ಷ ರೂಪಾಯಿ ಅಂದುಕೊಂಡಿರುತ್ತಾರೆ. ಎರಡೂವರೆ ಸಾವಿರಕ್ಕೆ ಸಿಗುವ ಚಿತ್ರಗಳೂ ಅಲ್ಲಿದ್ದವು. ಹೊಸ ಮನೆಯ ಹಾಲಿಗೆ ಅಂತ ಏಳು ಕುದುರೆಯ ಪ್ರಿಂಟ್ ತಂದು ದೊಡ್ಡ ಕಟ್ಟು ಹಾಕಿಸುವವರಿಗೆ ಹೆಚ್ಚುಕಡಿಮೆ ಅಷ್ಟೇ ಖರ್ಚಾಗುತ್ತದೆ. ಗೊತ್ತಿದ್ದರೆ ಅವರಲ್ಲಿ ಕೆಲವರಾದರೂ ನಮ್ಮೂರಿನವರ ಚಿತ್ರ ಕೊಳ್ಳುತ್ತಾರೆ ಅನ್ನುವ ನಂಬಿಕೆ ನನಗಿದೆ.

ಗವಿಮಠದ ಜಾತ್ರೆ ಹೊತ್ತಿಗೆ ಇನ್ನೊಂದು ಪ್ರದರ್ಶನ ಮಾಡುವ ಮಾತು ನಡೆದಿದೆ. ದಯವಿಟ್ಟು ಆಗ ನಿಮ್ಮ ವರದಿಗಾರರಿಗೆ ಉದ್ಘಾಟನೆ ಮುಗಿದ ಮೇಲೆ ಅರ್ಧ ಗಂಟೆ ಉಳಿಯಲು ಹೇಳಿ. ಸುದ್ದಿ ಮೊದಲ ದಿನವೇ ಬರಲಿ, ಎಷ್ಟು ಗಂಟೆವರೆಗೆ ಬಾಗಿಲು ತೆರೆದಿರುತ್ತದೆ ಅಂತಲೂ ಇರಲಿ. ನಾನು ಕಟ್ಟುವ ಪ್ರತಿ ಪಟದ ಹಿಂದೆ ಬರೆದವರ ಹೆಸರು, ಊರು, ಚಿತ್ರದ ಹೆಸರು ಇರುವ ಚೀಟಿ ಅಂಟಿಸುತ್ತೇನೆ. ಆ ಪಟ್ಟಿಯನ್ನು ತಪ್ಪಿಲ್ಲದೆ ಬರೆದು, ಹಿಂದಿನ ದಿನವೇ ನಿಮ್ಮ ಕಚೇರಿಗೆ ತಲುಪಿಸುವ ಕೆಲಸ ನನ್ನದು.

ಇಂತಿ,
ಪಟಕ್ಕೆ ಕಟ್ಟು ಹಾಕುವ ಅಂಗಡಿಯವನು, ಕೊಪ್ಪಳ