ನೈಟ್ ಡ್ಯೂಟಿ ಮುಗಿಸಿ ಓಡಲು ಹೊರಟ ಮಗಳಿಗೆ

ಮಂಡ್ಯ

ಪುಟ್ಟಿ,

ಶನಿವಾರ ಬೆಳಿಗ್ಗೆ ಆಸ್ಪತ್ರೆ ಡ್ಯೂಟಿಯಿಂದ ಸೀದಾ ಮೈಸೂರು ರಿಂಗ್ ರೋಡಿಗೆ ಹೋಗಿ 25 ಕಿ.ಮೀ. ಓಡುತ್ತೇನೆ ಅಂತ ನೀನು ಫೋನಿನಲ್ಲಿ ಹೇಳಿದೆ. ನಿಮ್ಮವ್ವ ಸುಮ್ನೆ ಹೂಂ ಅಂದಳು. ನಾನು ಕೂತು ಲೆಕ್ಕ ಹಾಕಿದೆ. ಎಂಟಕ್ಕೆ ಡ್ಯೂಟಿ ಮುಗಿಸಿ, ಹಗಲು ಪಾಳಿಯವರಿಗೆ ಎಲ್ಲ ಒಪ್ಪಿಸಿ, ಬಟ್ಟೆ ಬದಲಿಸುವಷ್ಟರಲ್ಲಿ ಒಂಬತ್ತು. ನಿನ್ನ ಓಟಕ್ಕೆ ಮೂರು ಗಂಟೆ ಅಂದರೂ ಮುಗಿಯುವಾಗ ಬಿಸಿಲು ನೆತ್ತಿ ಮೇಲೆ. ರಾತ್ರಿಯಿಡೀ ವಾರ್ಡಿನಲ್ಲಿ ಓಡಾಡಿದ ಕಾಲು ಅದು, ಆಗಲೇ ಅರ್ಧ ದಣಿದಿರುತ್ತದೆ.

ಓಡು, ಬೇಡ ಅನ್ನುವುದಿಲ್ಲ. ನೈಟ್ ಮುಗಿಸಿದ ಬೆಳಿಗ್ಗೆ ಮಾತ್ರ ಬೇಡ.

ನೀನು ಗೋಡೆಗೆ ಅಂಟಿಸಿದ್ದೀಯಲ್ಲ, ಆ ತರಬೇತಿಯ ಚಾರ್ಟ್, ಅದನ್ನು ಬರೆದವರು ರಾತ್ರಿ ಮಲಗುವವರು. ಮಂಗಳವಾರ ಇಷ್ಟು, ಗುರುವಾರ ಇಷ್ಟು, ವಾರದ ಕೊನೆಗೆ ಉದ್ದದ ಓಟ ಅಂತ ಬರೆದಿದೆ. ಮಧ್ಯೆ ನಿದ್ದೆ ತಾನಾಗಿ ಆಗುತ್ತದೆ ಅಂತ ಅವರ ಲೆಕ್ಕ. ನಿನಗೆ ಹಾಗಲ್ಲ. ನೀನು ಮೊದಲು ನಿದ್ದೆಗೆ ಜಾಗ ಹುಡುಕಬೇಕು, ಉಳಿದ ಜಾಗದಲ್ಲಿ ಓಟ.

ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಸೀಸನ್ ಶುರುವಾದರೆ ಮಿಲ್ ನಿಲ್ಲುತ್ತಿರಲಿಲ್ಲ. ಕಡಿದ ಕಬ್ಬು ಒಣಗಿದಷ್ಟೂ ಸಕ್ಕರೆ ಕಡಿಮೆ, ಅದಕ್ಕೇ ಮೂರು ಪಾಳಿ. ನನಗೆ ಬಾಯ್ಲರ್ ಮುಂದೆ ಮೂರನೇ ಪಾಳಿ. ಬೆಳಗಿನ ಜಾವ ಮೂರರಿಂದ ಐದರವರೆಗೆ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡಿದವರನ್ನು ನೋಡಿದ್ದೇನೆ. ಮೈ ಬಿಸಿ ಅತಿ ಕಡಿಮೆ ಇರುವ ಹೊತ್ತಂತೆ ಅದು. ಮೈಯೊಳಗಿನ ಈ ಗಡಿಯಾರ ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದವರಿಗೆ 2017ರಲ್ಲಿ ನೊಬೆಲ್ ಬಂತು. ನರ್ಸ್‌ಗೆ ಅಪ್ಪ ಪಾಠ ಹೇಳುವುದು ನಗುವ ವಿಷಯವೇ. ಆದರೆ ಗೊತ್ತಿರುವವರೇ ತಮ್ಮ ಮೈ ವಿಷಯಕ್ಕೆ ಬಂದರೆ ಜಾಸ್ತಿ ಹಠ ಮಾಡುವುದು, ಅಲ್ವಾ?

ನನ್ನ ಮಾತು ಇಷ್ಟು. ಶನಿವಾರ ಡ್ಯೂಟಿ ಮುಗಿದ ಮೇಲೆ ಸ್ಕೂಟರ್ ಮುಟ್ಟಬೇಡ, ರೈಲಿಗೆ ಬಾ. ನಿದ್ದೆಗಣ್ಣಲ್ಲಿ ಹೈವೇ ಬೇಡ. ರೈಲಿನಲ್ಲಿ ತೂಕಡಿಸಿ ಮಂಡ್ಯ ದಾಟಿದರೂ ಏನಾಯಿತು, ಮದ್ದೂರಿನಲ್ಲಿ ಇಳಿದು ವಡೆ ತಿಂದು ವಾಪಸ್ ಬಾ! ಬೆಳಗಿನ ಜಾವ ಕಾಫಿ ಕುಡಿಯಬೇಡ. ಅದರ ಕೆಫೀನಿನಲ್ಲಿ ಅರ್ಧ ಐದು ಗಂಟೆ ಕಳೆದರೂ ಮೈಯಲ್ಲೇ ಇರುತ್ತದಂತೆ, ಮಲಗಿದರೆ ನಿದ್ದೆ ಹತ್ತುವುದಿಲ್ಲ. ಆಸ್ಪತ್ರೆಯಿಂದ ಹೊರಗೆ ಬರುವಾಗ ಕಪ್ಪು ಕನ್ನಡಕ ಹಾಕಿಕೋ. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಮೈ ಹಗಲಾಯಿತು ಅಂದುಕೊಳ್ಳುತ್ತದೆ. ಹಿಂದಿನ ರೂಮಿನ ಕಿಟಕಿಗೆ ನಾನು ಆಗ ಕಟ್ಟುತ್ತಿದ್ದ ಕಂಬಳಿ ಇನ್ನೂ ಇದೆ, ಕಟ್ಟಿಡುತ್ತೇನೆ. ಎರಡು ಮೂರು ಗಂಟೆ ಮಲಗು, ಸಾಕು. ಸಂಜೆವರೆಗೂ ಮಲಗಿಬಿಟ್ಟರೆ ರಾತ್ರಿ ಗೂಬೆ ಥರ ಕೂತಿರುತ್ತೀಯ. ರಾತ್ರಿ ಬೇಗ ಮುದ್ದೆ, ಸೊಪ್ಪಿನ ಸಾರು ಉಂಡು ಒಂಬತ್ತಕ್ಕೆ ಮಲಗಿಬಿಡು.

ಭಾನುವಾರ ಬೆಳಕು ಹರಿಯುತ್ತಿದ್ದ ಹಾಗೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಹೊರಡೋಣ. ಕತ್ತಲಲ್ಲಿ ಬೇಡವೇ ಬೇಡ. ಕಬ್ಬಿನ ಟ್ರ್ಯಾಕ್ಟರ್‌ಗಳಿಗೆ ಎಷ್ಟೋ ಸಲ ಹಿಂದೆ ದೀಪವೇ ಇರುವುದಿಲ್ಲ, ಏರಿಗೆ ಎಲ್ಲ ಕಡೆ ತಡೆಗೋಡೆಯೂ ಇಲ್ಲ. ನಾನು ಟಿವಿಎಸ್‌ನಲ್ಲಿ ಹಿಂದೆ ಬರುತ್ತೇನೆ. ನೀರು, ಬಾಳೆಹಣ್ಣು, ಉಪ್ಪು ಬೆಲ್ಲ ಹಾಕಿದ ನಿಂಬೆ ಪಾನಕ ಮುಂದೆ ಇಟ್ಟುಕೊಂಡಿರುತ್ತೇನೆ, ಒಂದು ಕೋಲನ್ನೂ. ಆ ಕಡೆ ನಾಯಿ ಜಾಸ್ತಿ. ಕಳೆದ ಸಲ ಒಬ್ಬ ಅಜ್ಜಿ 'ಯಾಕವ್ವ ಓಡ್ತಿದ್ದೀಯ, ಬಸ್ ಹೋಯ್ತಾ?' ಅಂತ ಕೇಳಿದ್ದಳಲ್ಲ, ಈ ಸಲ ಉತ್ತರ ರೆಡಿ ಮಾಡಿಕೊಂಡಿರು.

ವೇಗ ಬೇಡ. ನನ್ನ ಜೊತೆ ಮಾತಾಡಿಕೊಂಡು ಓಡಲು ಆಗಬೇಕು, ಅಷ್ಟೇ. ಉಸಿರು ಕಟ್ಟಿ ಮಾತು ನಿಂತರೆ ನಾನೇ ಗಾಡಿ ಅಡ್ಡ ಹಾಕುತ್ತೇನೆ. 25 ಆಗದಿದ್ದರೆ 18ಕ್ಕೆ ನಿಲ್ಲಿಸು. ವಾರ್ಡಿನಲ್ಲಿ ಕೈ ತುಂಬ ಕೆಲಸ ಬಿದ್ದ ವಾರ ಅದನ್ನೂ ಬಿಡು. ಆ ವಾರ ಸಂಜೆ ಡ್ಯೂಟಿಗೆ ಹೋಗುವ ಮುಂಚೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿದರೆ ಸಾಕು, ಹತ್ತಿರ ಹತ್ತಿರ ಐದು ಕಿ.ಮೀ. ಆಗುತ್ತದೆ. ಚಾರ್ಟಿನಲ್ಲಿ ಒಂದು ಮನೆ ಖಾಲಿ ಬಿದ್ದರೆ ಯಾರೂ ಸಂಬಳ ಹಿಡಿಯುವುದಿಲ್ಲ.

ಮೈಸೂರು ರಿಂಗ್ ರೋಡ್ ಒಂದು ಸುತ್ತು ಸುಮಾರು 42 ಕಿ.ಮೀ., ಹೆಚ್ಚುಕಡಿಮೆ ಒಂದು ಪೂರ್ತಿ ಮ್ಯಾರಥಾನ್. ಅದನ್ನು ಒಂದು ದಿನ ಸುತ್ತಬೇಕು ಅನ್ನುವ ಆಸೆ ನಿನಗಿದೆ ಅಂತ ಗೊತ್ತು. ರಜೆ ಸಾಲಾಗಿ ಸಿಕ್ಕಾಗ ನೋಡೋಣ. ಅಲ್ಲಿಯ ಲಾರಿಗಳ ಮಧ್ಯೆ ನನ್ನ ಟಿವಿಎಸ್ ಬದುಕಿದರೆ.

ಭಾನುವಾರ ರಾತ್ರಿ ಮತ್ತೆ ಡ್ಯೂಟಿ ಹಾಕಿದ್ದಾರಾ? ಹಾಕಿದ್ದರೆ 25 ಮರೆತುಬಿಡು, ಹತ್ತು ಹನ್ನೆರಡು ಓಡಿ ಮಧ್ಯಾಹ್ನ ಮಲಗಿ ಹೋಗುವಂತೆ. ಡ್ಯೂಟಿ ಚಾರ್ಟ್ ನೋಡಿ ಇವತ್ತೇ ಫೋನ್ ಮಾಡು. ಯಾವ ರೈಲು ಅಂತಲೂ ಹೇಳು, ಸ್ಟೇಷನ್‌ಗೆ ಬರುತ್ತೇನೆ.

ನಿನ್ನ ಅಪ್ಪ